ಒಂಬತ್ತನೇ ಮಂಚದ ಹಸಿರು ದೀಪ

ಊಟ ಬಲ್ಲವನಿಗೆ ಜಗಳವಿಲ್ಲ, ಮಾತು ಬಲ್ಲವನಿಗೆ ರೋಗವಿಲ್ಲ.

ಗಾದೆ ಬುಡಮೇಲಾಗಿದೆ ಎಂದು ಹುಬ್ಬೇರಿಸಬೇಡಿ. ಹುಬ್ಬಳ್ಳಿಯ ಹೊರಗಿನ ಮರುನಡಿಗೆ ಪುನಶ್ಚೇತನ ಕೇಂದ್ರದಲ್ಲಿ ಈ ಗಾದೆ ಹೀಗೆಯೇ ಚಲಾವಣೆಯಲ್ಲಿತ್ತು, ಮತ್ತು ಅದರಿಂದಾಗಿ ಒಬ್ಬ ಮನುಷ್ಯ ಕೈತಪ್ಪಿ ಹೋಗುವುದರಲ್ಲಿದ್ದ. ಇದು ನೂರಕ್ಕೆ ನೂರು ನಡೆದ ಕಥೆ; ಅದೂ ನಡೆಯಲಾಗದವರ ನಡುವೆ ನಡೆದದ್ದು. ಒಂದೇ ಕೊರತೆಯೆಂದರೆ, ಅದು ನಡೆದ ದಿನಾಂಕ ಕ್ಯಾಲೆಂಡರಿನಲ್ಲಿ ಇನ್ನೂ ಬಂದಿಲ್ಲ. ಬಂದಾಗ ತಾಳೆ ನೋಡಿಕೊಳ್ಳಿ.

ಆ ಕಾಲಕ್ಕೆ ಬೆನ್ನುಹುರಿಗೆ ಪೆಟ್ಟಾದವರಿಗೆ ಮೋಟರಿನ ಕಾಲ್ಗವಚ ಬಂದಿತ್ತು. ತೊಡೆಗೊಂದು, ಮೊಣಕಾಲಿಗೊಂದು ಪಟ್ಟಿ ಬಿಗಿದು ಗುಂಡಿ ಒತ್ತಿದರೆ ಕಾಲು ತಾನೇ ಎದ್ದು ತಾನೇ ಊರುತ್ತಿತ್ತು. ಆದರೆ ಕಾಲಿಗೆ ಕವಚ ತೊಡಿಸಿದಷ್ಟು ಸಲೀಸಾಗಿ ಮನಸ್ಸಿಗೆ ಏನನ್ನು ತೊಡಿಸುವುದು? ಹಿಂದೆ ಅದಕ್ಕೊಂದು ಹಳದಿ ಫಾರಂ ಇತ್ತು: ‘ಮಾನಸಿಕ ಆರೋಗ್ಯ ಮೌಲ್ಯಮಾಪನಕ್ಕೆ ಕೋರಿಕೆ’. ಕೊನೆಯ ವರ್ಷ ಕೇಂದ್ರಕ್ಕೆ ಬಂದುಹೋದ ನಾನೂರು ಗಾಯಾಳುಗಳಲ್ಲಿ ಆರು ಮಂದಿಗೆ ಮಾತ್ರ ಯಾರೋ ಆ ಫಾರಂ ತುಂಬಿದ್ದರು. ಆ ಆರರಲ್ಲಿ ಇಬ್ಬರು ಡಾಕ್ಟರಿಗೇ ಹೊಡೆಯಲು ಹೋದವರು. ಉಳಿದಂತೆ, ರೋಗಿ ಅತ್ತರೆ ‘ಅಳೋದು ಸಹಜ’ ಎನ್ನುತ್ತಿದ್ದರು. ಅಳದಿದ್ದರೆ ‘ಗಟ್ಟಿ ಮನುಷ್ಯ’ ಎನ್ನುತ್ತಿದ್ದರು. ಎರಡೂ ಕಡೆಯಿಂದ ಫಾರಂ ಖಾಲಿ.

ಆಗ ಬಂದದ್ದು ‘ಅಂತರಂಗ’ ಎಂಬ ಯಂತ್ರ. ಪ್ರತಿ ಮಂಚದ ತಲೆದೆಸೆಗೆ ಅರ್ಧ ತೆಂಗಿನಕಾಯಿಯಷ್ಟು ದೊಡ್ಡ ಬಿಳಿ ಡಬ್ಬಿ. ಮುಂಜಾನೆ ಏಳಕ್ಕೆ ಅದು ಆಕಾಶವಾಣಿಯ ಹಳೆಯ ವಾರ್ತಾವಾಚಕಿಯ ಗತ್ತಿನಲ್ಲಿ, “ಶುಭೋದಯ. ತಾವು ಇಂದು ಹೇಗಿದ್ದೀರಿ? ಮೂರು ನಿಮಿಷ ಮಾತನಾಡಿ” ಎನ್ನುತ್ತಿತ್ತು. ನೀವು ಏನು ಹೇಳಿದಿರಿ ಎಂಬುದು ಅದಕ್ಕೆ ಬೇಕಿರಲಿಲ್ಲ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಎಷ್ಟು ಹೊತ್ತು, ದನಿ ಎಲ್ಲಿ ಏರಿತು, ವಾಕ್ಯದ ಕೊನೆಗೆ ಉಸಿರು ಎಷ್ಟು ಉಳಿದಿತ್ತು, ಇಷ್ಟನ್ನೇ ಅಳೆದು, ಸೇರಿದ ದಿನ ಮುದ್ರಿಸಿಕೊಂಡ ನಿಮ್ಮದೇ ದನಿಯ ಜೊತೆ ಹೋಲಿಸುತ್ತಿತ್ತು. ಸರಿಯಿದ್ದರೆ ಹಸಿರು ದೀಪ, ಅನುಮಾನವಿದ್ದರೆ ಹಳದಿ. ಕೆಂಪಾದರೆ ಡಬ್ಬಿಯೇ ಮೌಲ್ಯಮಾಪನಕ್ಕೆ ಕೋರಿಕೆ ಕಳಿಸುತ್ತಿತ್ತು. ನಾಲ್ಕು ಜಿಲ್ಲೆಗೆ ಒಬ್ಬರೇ ಆಗಿದ್ದ ಮನಶ್ಶಾಸ್ತ್ರಜ್ಞೆ ಸಬೀಹಾ ನದಾಫ್ ಅವರ ಗುರುವಾರದ ಪಟ್ಟಿಯಲ್ಲಿ ಹೆಸರು ತಾನೇ ಕೂರುತ್ತಿತ್ತು. ಅಲ್ಲಿಗೆ ಬಿಡುಗಡೆಯೂ ನಿಲ್ಲುತ್ತಿತ್ತು. ಇಪ್ಪತ್ತೊಂದು ದಿನ ಸಾಲಾಗಿ ಹಸಿರಾದರೆ ಮಾತ್ರ ‘ಮನಸ್ಸು ಮನೆಗೆ ಸಿದ್ಧ’ ಎಂಬ ಕಾಗದ ಹೊರಬರುತ್ತಿತ್ತು.

ಯಂತ್ರವನ್ನು ಬೈಯುವಂತಿಲ್ಲ. ಎರಡನೇ ಮಂಚದ ಟ್ರ್ಯಾಕ್ಟರ್ ಡ್ರೈವರ್ ಯಾರು ಕೇಳಿದರೂ ‘ಆರಾಮ ಅದೀನ್ರಿ’ ಎನ್ನುತ್ತಿದ್ದವನು, ಡಬ್ಬಿಯ ಮುಂದೆ ಅದೇ ಮಾತು ಹೇಳಿ ಕೆಂಪಾಗಿದ್ದ. ಈಗ ಅವನು ಕೇರಂನಲ್ಲಿ ನರ್ಸುಗಳನ್ನು ಸೋಲಿಸುತ್ತಿದ್ದ. ವಾರ್ಡಿನವರು ಯಂತ್ರಕ್ಕೆ ‘ಕಿವಿಯಕ್ಕ’ ಎಂದು ಹೆಸರಿಟ್ಟಿದ್ದರು. ಕಿವಿಯಕ್ಕ ಬಂದ ಮೇಲೆ ಹಳದಿ ಫಾರಂಗಳು ರದ್ದಿಗೆ ಹೋದವು. ಕೈಯಿಂದ ಕೋರಿಕೆ ಬರೆಯುವ ಪದ್ಧತಿಯೇ ರದ್ದಾಯಿತು.

ವಾರಿಜಾ ಕೋಟ್ಯಾನ್ ಅಲ್ಲಿನ ಫಿಸಿಯೋಥೆರಪಿಸ್ಟ್. ಉಡುಪಿಯ ಕಡೆಯವಳು, ಗಂಡನಿಗೆ ಹುಬ್ಬಳ್ಳಿಯ ರೈಲ್ವೆಯಲ್ಲಿ ಕೆಲಸವಾದ್ದರಿಂದ ಇಲ್ಲಿಗೆ ಬಂದವಳು. ಹನ್ನೊಂದು ವರ್ಷವಾದರೂ ಮಾತಿನಲ್ಲಿ ‘ಉಂಟು’ ‘ಮಾರಾಯ್ರೆ’ ಹಾಗೇ ಉಳಿದಿದ್ದವು. ಕೂತಲ್ಲಿ ಕೂರಲಾರದ ಹೆಂಗಸು. ಚಹಾವನ್ನೂ ನಡೆಯುತ್ತಲೇ ಕುಡಿಯುವವಳು. ಆ ವಾರವಂತೂ ಅವಳ ಚಡಪಡಿಕೆ ಎಷ್ಟಿತ್ತೆಂದರೆ, ಕವಚ ಕಟ್ಟಿದ ರೋಗಿಗಳಿಗಿಂತ ಅವಳೇ ಹೆಚ್ಚು ನಡೆದಳು. ಕಾರಣ ಒಂಬತ್ತನೇ ಮಂಚ.

ಒಂಬತ್ತನೇ ಮಂಚದಲ್ಲಿದ್ದವನು ಫಕ್ಕೀರೇಶ ಕಲಕೇರಿ, ಕರೆಂಟಿನ ಲೈನ್‌ಮನ್. ಕಂಬ ಹತ್ತುವ ಕೆಲಸವನ್ನು ಡ್ರೋನುಗಳು ಕಸಿಯುತ್ತಿದ್ದ ಕಾಲದಲ್ಲಿ, ಡ್ರೋನು ಸಿಕ್ಕಿಹಾಕಿಕೊಂಡರೆ ಬಿಡಿಸಲು ಹತ್ತುತ್ತಿದ್ದ ಕೆಲವೇ ಮಂದಿಯಲ್ಲಿ ಒಬ್ಬ. ಹಾಗೆ ಹತ್ತಿದವನು ಒಂದು ಮಧ್ಯಾಹ್ನ ಕೆಳಗೆ ಬಿದ್ದ. ಸೊಂಟದ ಕೆಳಗೆ ಅರ್ಧ ಬಲ ಉಳಿದಿತ್ತು, ಬಾಯಿಯ ಬಲ ಪೂರ್ತಿ ಉಳಿದಿತ್ತು. ಅವನು ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ಸಾಕು, ಅಂಗಿ ತೊಟ್ಟಂತೆ ತೊಟ್ಟುಬಿಡುತ್ತಿದ್ದ. ಬಸ್ಸಿನ ಬಾಗಿಲ ಕಿರ್ರೆಂಬ ಸದ್ದು, ಮಿಕ್ಸರ್‌ಗೆ ಕಲ್ಲು ಸಿಕ್ಕ ಸದ್ದು, ಊಟದ ಗಾಡಿ ತರುವ ಶಾರದವ್ವನ ಕೆಮ್ಮು, ಎಲ್ಲವೂ ಅವನ ಗಂಟಲಲ್ಲಿದ್ದವು. ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಕೇಂದ್ರದ ಮುಖ್ಯಸ್ಥ ಡಾಕ್ಟರ್ ಚನ್ನಕೇಶವರ ದನಿ. ಮೈಸೂರಿನ ಆ ಡಾಕ್ಟರು ಯಾವ ಕೆಟ್ಟ ಸುದ್ದಿಯನ್ನಾದರೂ ಮೈಸೂರುಪಾಕು ಹಂಚುವವರ ಹಾಗೆ ಹೇಳುತ್ತಿದ್ದರು.

ಸೇರಿದ ದಿನ ದನಿ ಮುದ್ರಿಸಿಕೊಳ್ಳಲು ಕಿವಿಯಕ್ಕ, “ದಯವಿಟ್ಟು ತಮ್ಮ ಸ್ವಂತ ಧ್ವನಿಯಲ್ಲಿ ಮಾತನಾಡಿ” ಎಂದಾಗ ಫಕ್ಕೀರೇಶ ಮಲಗಿದಲ್ಲೇ ಗಂಟಲು ಸರಿಮಾಡಿಕೊಂಡು, “ನೋಡಿ, ಏನೂ ಯೋಚ್ನೆ ಮಾಡ್ಬೇಡಿ, ಬೆನ್ನು ಒಂದ್ಸ್ವಲ್ಪ ಮುರಿದಿದೆ ಅಷ್ಟೆ, ಮಿಕ್ಕಿದ್ದೆಲ್ಲ ಫಸ್ಟ್ ಕ್ಲಾಸ್” ಎಂದು ಡಾಕ್ಟರ ದನಿಯಲ್ಲಿ ಮೂರು ನಿಮಿಷ ಭಾಷಣ ಬಿಗಿದ. ವಾರ್ಡು ಬಿದ್ದು ಬಿದ್ದು ನಕ್ಕಿತು. ಡಬ್ಬಿ ‘ನೋಂದಾಯಿಸಲೇ?’ ಎಂದು ಕೇಳಿತು. ಆ ದಿನ ಆ ಕೆಲಸದ ಪಾಳಿ ವಾರಿಜಳದು. ನಕ್ಕೂ ನಕ್ಕೂ ಕಣ್ಣು ಒರೆಸಿಕೊಳ್ಳುತ್ತಿದ್ದವಳು ‘ಹೌದು’ ಎಂಬ ಗುಂಡಿಯನ್ನು ಒತ್ತಿಬಿಟ್ಟಳು.

ಅಂದಿನಿಂದ ಪ್ರತಿದಿನ ಮುಂಜಾನೆ ಅವನು ಡಾಕ್ಟರ ದನಿಯಲ್ಲಿ ಮಾತಾಡಿದ, ಡಬ್ಬಿ ಅವನನ್ನು ಅವನೆಂದೇ ಗುರುತಿಸಿತು, ದೀಪ ಹಸಿರಾಯಿತು. ಹದಿನೇಳು ದಿನ ಯಾರಿಗೂ ಅದು ತಮಾಷೆಗಿಂತ ಹೆಚ್ಚೇನೂ ಅನಿಸಲಿಲ್ಲ.

ಹದಿನೆಂಟನೆಯ ದಿನ, ಸೋಮವಾರ, ಫಕ್ಕೀರೇಶ ದಿಂಬಿನ ಕೆಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಏನನ್ನೋ ತೆಗೆದು ವಾರಿಜಳ ಕೈಗಿಟ್ಟ. ಬಿಚ್ಚಿದರೆ, ತಂತಿ ಕತ್ತರಿಸುವ ಅವನ ಪಕ್ಕಡ. ಹಿಡಿಯ ಕೆಂಪು ರಬ್ಬರು ಬೆರಳ ಗುರುತಿಗೆ ಸವೆದಿತ್ತು.

“ನೀವ ಇಟ್ಕೋರಿ ಮೇಡಂ ಅವರ. ಮನ್ಯಾಗ ಮೊಳಿ-ಗಿಳಿ ಕೀಳಾಕ ಬರತೈತಿ. ನನಗ ಇನ್ನ ಯಾಕ ಬೇಕ್ರಿ?”

ವಾರಿಜಳಿಗೆ ನಗು ಬರಲಿಲ್ಲ. ಲೈನ್‌ಮನ್ ತನ್ನ ಪಕ್ಕಡವನ್ನು ಹೆಂಡತಿಗೂ ಮುಟ್ಟಗೊಡುವುದಿಲ್ಲ ಎಂದು ಸೇರಿದ ಮೊದಲ ವಾರ ಅವನೇ ಹೇಳಿದ್ದ. ಅದನ್ನು ಬೇರೆಯವರು ಮುಟ್ಟಿದರೆ ಕಂಬದ ಮೇಲೆ ಕೈ ನಡುಗುತ್ತದಂತೆ. ಅವನ ಸೊಂಟದ ಬೆಲ್ಟು ಎಲ್ಲಿ ಎಂದು ವಿಚಾರಿಸಿದರೆ, ಅದನ್ನು ಅವತ್ತು ಬೆಳಿಗ್ಗೆಯೇ ಟ್ರ್ಯಾಕ್ಟರ್ ಡ್ರೈವರನಿಗೆ ಕೊಟ್ಟಾಗಿತ್ತು. ಮಧ್ಯಾಹ್ನ ಬುತ್ತಿ ತಂದ ಅವನ ಹೆಂಡತಿ ನೀಲವ್ವನನ್ನು ವಾರಿಜಾ ವರಾಂಡದಲ್ಲಿ ತಡೆದು, ಅವರು ಮನೆಯವರ ಜೊತೆ ಹೇಗೆ, ಫೋನಿನಲ್ಲಿ ಹೇಗೆ ಮಾತಾಡುತ್ತಾರೆ ಎಂದು ಕೇಳಿದಳು. ನೀಲವ್ವ ನಕ್ಕಳು. ದಿನಾ ಒಂದೊಂದು ದನಿಯಲ್ಲಿ ಮಾತಾಡಿ ನಗಿಸುತ್ತಾನೆ, ಮಗಳಿಗಂತೂ ಅವಳ ಮಾಸ್ತರರ ದನಿಯಲ್ಲೇ ಪಾಠ ಹೇಳುತ್ತಾನೆ ಎಂದಳು. ಆಮೇಲೆ ಸೆರಗು ಸರಿಮಾಡಿಕೊಳ್ಳುತ್ತ ಸೇರಿಸಿದಳು:

“ಮೊನ್ನೆ ಫೋನಿನ್ಯಾಗ ನನಗ ಫ್ಯೂಸ್ ಕಟ್ಟೋದು ಕಲಿಸಿದ್ರು ನೋಡ್ರಿ. ಹದಿನಾಕು ವರ್ಷದಾಗ ಮೀಟರ್ ಹತ್ರ ಸುಳಿಯಾಕ ಬಿಟ್ಟವರಲ್ಲ. ನಾಲ್ಕು ಸರ್ತಿ ಬಿಚ್ಚಿಸಿ ನಾಲ್ಕು ಸರ್ತಿ ಕಟ್ಟಿಸಿದ್ರು. ‘ನೀ ಒಬ್ಬಾಕೀನ ಮಾಡ್ಕೊಳ್ಳುವಂಗ ಆಗಬೇಕು’ ಅಂದ್ರು.”

ವಾರಿಜಾ ನೆಟ್ಟಗೆ ಡಾಕ್ಟರ ಕೋಣೆಗೆ ಹೋದಳು. ಹೋಗುವ ದಾರಿಯಲ್ಲಿ ಎರಡು ಸಲ ಹಿಂದೆ ಬಂದು ಒಂಬತ್ತನೇ ಮಂಚ ನೋಡಿದಳು. ಗುರುವಾರಕ್ಕೆ ಇಪ್ಪತ್ತೊಂದು ದಿನ ತುಂಬುತ್ತಿತ್ತು. ಸಂಜೆ ಕಾಗದ ಹೊರಬಂದರೆ ಮನುಷ್ಯ ಮನೆಗೆ. ಮನೆಯಲ್ಲಿ ಹಗಲು ಒಬ್ಬನೇ. ಆಮೇಲೆ ಏನಾಗಬಹುದೆಂದು ಯೋಚಿಸಲು ಹೋದರೆ ಅವಳ ಕಾಲು ನೆಲದಲ್ಲಿ ನಿಲ್ಲುತ್ತಿರಲಿಲ್ಲ.

ಡಾಕ್ಟರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಇಡೀ ವಾರ್ಡಿನಲ್ಲಿ ಸಂತೋಷವಾಗಿರುವ ಪೇಷಂಟ್ ಅಂದರೆ ಅವನೊಬ್ಬನೇ, ಒಂದು ಹಳದಿ ಕೂಡ ಬಂದಿಲ್ಲ ಎಂದರು. ಆಗ ಅವಳು ಗುಂಡಿಯ ವಿಷಯ ಬಾಯಿಬಿಟ್ಟಳು: ಹದಿನೆಂಟು ದಿನದಿಂದ ಕಿವಿಯಕ್ಕ ಕೇಳುತ್ತಿರುವುದು ಫಕ್ಕೀರೇಶನನ್ನಲ್ಲ, ನಿಮ್ಮನ್ನು, ತಪ್ಪು ನನ್ನದು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಂದ್ರೆ ನನ್ನ ದನಿ ಅಷ್ಟೊಂದು ಹಸಿರಾಗಿದೆಯೇನ್ರೀ?”

ಅವರಿಗೆ ಖುಷಿಯಾಗಿತ್ತು. ಆದರೆ ಅವರ ಕೈಯೂ ಕಟ್ಟಿತ್ತು. ದನಿಯನ್ನು ಹೊಸದಾಗಿ ನೋಂದಾಯಿಸಲು ಮನಶ್ಶಾಸ್ತ್ರಜ್ಞೆಯ ಒಪ್ಪಿಗೆ ಬೇಕು. ಅವರ ಬಳಿ ಹೋಗಲು ಕೋರಿಕೆ ಬೇಕು. ಕೋರಿಕೆ ಹೋಗಲು ದೀಪ ಕೆಂಪಾಗಬೇಕು. ಕೆಂಪಾಗಬೇಕಾದರೆ ಡಬ್ಬಿಗೆ ಅವನ ಸ್ವಂತ ದನಿ ಗೊತ್ತಿರಬೇಕು. ಯಂತ್ರದ ಕಂಪನಿಗೆ ದೂರು ಬರೆಯಬಹುದು. ಹದಿನೈದು ದಿನದಲ್ಲಿ ಉತ್ತರ ಬಂದೀತು. ಅಷ್ಟರಲ್ಲಿ ಅವನ ಮಂಚಕ್ಕೆ ಕಾದಿರುವವರು ಏಳು ಜನ. ಅವನನ್ನೇ ಕೂರಿಸಿಕೊಂಡು ಮಾತಾಡಿಸಿ ನೋಡಿ ಎಂದು ಹೇಳಿ ಡಾಕ್ಟರು ಫೈಲಿಗೆ ಮರಳಿದರು.

ಅವಳು ಮಾತಾಡಿಸಿಯೂ ನೋಡಿದಳು. ಫಕ್ಕೀರೇಶ ಅವಳ ಪ್ರಶ್ನೆಗೆ ಡಾಕ್ಟರ ದನಿಯಲ್ಲಿ ಒಂದು ಉತ್ತರ, ಶಾರದವ್ವನ ದನಿಯಲ್ಲಿ ಒಂದು ಉತ್ತರ ಕೊಟ್ಟು, ಕೊನೆಗೆ ಅವೆರಡರ ನಡುವೆ ಜಗಳ ಹಚ್ಚಿದ. ವಾರಿಜಾ ನಕ್ಕಳು. ನಕ್ಕದ್ದಕ್ಕೆ ತನ್ನನ್ನೇ ಶಪಿಸಿಕೊಂಡಳು.

ಮಂಗಳವಾರ ಸಂಜೆ ಅವಳೇ ಬಲಿಯಾದಳು.

ಹಿಂದಿನ ವರ್ಷ ಒಬ್ಬ ನರ್ಸು ಅಳುತ್ತಲೇ ಕೆಲಸ ಬಿಟ್ಟುಹೋದ ಮೇಲೆ, ಸಿಬ್ಬಂದಿಯೂ ದಿನಕ್ಕೊಮ್ಮೆ ಕಿವಿಯಕ್ಕನ ಮುಂದೆ ಬಾಯಿ ತೆರೆಯಬೇಕೆಂಬ ನಿಯಮ ಬಂದಿತ್ತು. ವ್ಯಾಯಾಮದ ಹಾಲ್‌ನ ಗೋಡೆಯ ಡಬ್ಬಿ ಐದು ಗಂಟೆಗೆ, “ವಾರಿಜಾ ಕೋಟ್ಯಾನ್, ತಾವು ಇಂದು ಹೇಗಿದ್ದೀರಿ?” ಎಂದಾಗ ಅವಳು ಒಬ್ಬ ಅಜ್ಜನ ಕಾಲ್ಗವಚ ಬಿಗಿಯುತ್ತ, ಪಟ್ಟಿಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು. ಹಿಡಿದು ನಡೆಯುವ ಎರಡು ಕೋಲುಗಳ ನಡುವೆ ನಿಂತಿದ್ದ ಫಕ್ಕೀರೇಶ ಅವಳ ಬದಲು ಉತ್ತರ ಕೊಟ್ಟ.

“ಎಂತ ಹೇಳುದು ಮಾರಾಯ್ರೆ. ಬೆಳಿಗ್ಗೆ ಬಂದು ಬೇರೆಯವರ ಕಾಲು ಎತ್ತುದು, ಸಂಜೆ ಇಳಿಸುದು. ನನ್ನ ಕಾಲು ಎಲ್ಲಿ ಉಂಟು ಅಂತ ನಾನೇ ಮರ್ತಿದ್ದೇನೆ.”

ಹಾಲ್ ಉರುಳಾಡಿತು. ಅಜ್ಜ ನಕ್ಕ ರಭಸಕ್ಕೆ ಕವಚದ ಗುಂಡಿ ಒತ್ತಿಹೋಗಿ ಅವನ ಕಾಲು ತಾನೇ ಎರಡು ಹೆಜ್ಜೆ ಹೋಯಿತು. ವಾರಿಜಾ ಅವನ ಹಿಂದೆ ಓಡಿದಳು. ಅತ್ತ ಫಕ್ಕೀರೇಶ ಅವಳದೇ ದನಿಯಲ್ಲಿ ಇನ್ನೂ ಏನೇನೋ ಹೇಳುತ್ತಿದ್ದ. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಮೂರು ನಿಮಿಷ ಕಳೆದದ್ದೇ ಡಬ್ಬಿ ಕೆಂಪಾಯಿತು. ವಾರಿಜಾ ಕೋಟ್ಯಾನ್ ಅವರಿಗೆ ಮಾನಸಿಕ ಆರೋಗ್ಯ ಮೌಲ್ಯಮಾಪನ ಕೋರಲಾಗಿದೆಯೆಂದೂ, ಗುರುವಾರ ಹತ್ತೂವರೆಗೆ ಸಿದ್ಧರಿರಬೇಕೆಂದೂ ಘೋಷಿಸಿತು. ಕೇಕೆ, ಶಿಳ್ಳೆ. ಹದಿನೆಂಟು ಮಂಚದ ವಾರ್ಡಿನ ಸಿಬ್ಬಂದಿಯಲ್ಲಿ ಮೊದಲು ಕೆಂಪಾದವರು ಮೇಡಂ ಎಂದು ಸುದ್ದಿ ಅಡುಗೆಮನೆಯವರೆಗೂ ಹೋಯಿತು. ವಾರಿಜಾ ಎಲ್ಲರ ಜೊತೆ ಹಲ್ಲುಬಿಟ್ಟಳು, ಒಳಗೊಳಗೆ ಸಿಡುಕಿದಳು. ಈ ಮನುಷ್ಯನಿಗೊಂದು ಕೆಂಪು ಸಿಗಲೆಂದು ಅವಳು ಒದ್ದಾಡುತ್ತಿದ್ದರೆ, ಅದು ಬಂದು ಅವಳ ತಲೆಗೇ ಅಂಟಿಕೊಂಡಿತ್ತು.

ಮನೆಯಲ್ಲಿ ಅವಳ ಅತ್ತೆ ಬಂಗುಡೆ ಮೀನಿಗೆ ಮಸಾಲೆ ಸವರುತ್ತ ಕೂತಿದ್ದರು. ಸೊಸೆ ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ಸುತ್ತುವುದನ್ನು ನೋಡಿ ನೋಡಿ ಅವರಿಗೇ ತಲೆ ತಿರುಗಿ, ಏನಾಗಿದೆ ಎಂದು ಗದರಿದರು. ವಾರಿಜಾ ಫೋನು ತೆಗೆದು, ನಿಮ್ಮ ಸೊಸೆಗೆ ತಲೆ ಕೆಟ್ಟಿದೆಯಂತೆ ನೋಡಿ ಎಂದು ತಮಾಷೆಯಾಗಿಯೇ ಹಾಲ್‌ನ ಧ್ವನಿಮುದ್ರಿಕೆ ಹಚ್ಚಿದಳು. ಕೆಂಪಾದವರಿಗೆ ತಮ್ಮ ಮುದ್ರಿಕೆ ತಾವು ಕೇಳುವ ಹಕ್ಕಿತ್ತು, ಬೇರೆಯವರದನ್ನು ಕೇಳುವಂತಿರಲಿಲ್ಲ. ಆ ಮಾತುಗಳು ಫಕ್ಕೀರೇಶನ ಹೆಸರಿನಲ್ಲಿದ್ದಿದ್ದರೆ ಅವಳ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಮೊದಲ ಸಾಲಿಗೆ ಅತ್ತೆಯೂ ನಕ್ಕರು. ಆಮೇಲೆ ಹಾಲ್‌ನ ಗದ್ದಲ. ಅದರಡಿಯಲ್ಲಿ ಅವಳದೇ ದನಿ, ಸಣ್ಣಗೆ:

“ಮೇಲೆ ಇರುವಾಗ ಊರೆಲ್ಲ ಕಾಣ್ತದೆ. ಯಾರ ಮನೆಗೆ ಬೆಳಕು ಉಂಟು, ಯಾರ ಮನೆಗೆ ಇಲ್ಲ, ಎಲ್ಲ ಕಾಣ್ತದೆ. ಈಗ ಫ್ಯಾನ್ ಒಂದೇ ಕಾಣುದು.” ಆಮೇಲೆ ಮೌನ. ವಾರಿಜಾ ಎಣಿಸಿದಳು: ಒಂದು, ಎರಡು, ಮೂರು, ನಾಲ್ಕು. “ನಾನು ಇಲ್ಲದಿದ್ರೂ ಕರೆಂಟು ಬರ್ತದೆ, ಅಲ್ವಾ. ಬರ್ತದೆ. ಎಲ್ಲರ ಮನೆಗೂ ಬರ್ತದೆ.”

ಬಂಗುಡೆಯ ಮೇಲಿನ ಕೈ ನಿಂತಿತ್ತು. ಅತ್ತೆ ತುಳುವಿನಲ್ಲಿ ಕೇಳಿದರು, ನೀನು ಯಾವಾಗ ಮೇಲೆ ಹತ್ತಿದ್ದೆ? ದನಿ ನಿನ್ನದೇ, ಸಂಕಟ ಯಾರದು?

ವಾರಿಜಾ ಅವತ್ತು ಮೊದಲ ಸಲ ಕೂತಳು. ಕಿವಿಯಕ್ಕನ ತಪ್ಪು ಎಳ್ಳಷ್ಟೂ ಇರಲಿಲ್ಲ. ಅದು ಕೆಂಪನ್ನು ಸರಿಯಾಗಿಯೇ ಹಿಡಿದಿತ್ತು, ವಿಳಾಸ ಮಾತ್ರ ತಪ್ಪಿತ್ತು. ಡಾಕ್ಟರ ದನಿ ತೊಟ್ಟಾಗ ಆ ಮನುಷ್ಯ ಡಾಕ್ಟರ ನಗುವನ್ನೂ ತೊಡಬೇಕಿತ್ತು. ವಾರಿಜಳ ದನಿಯಲ್ಲಿ ಹೊಲಿಗೆ ಸ್ವಲ್ಪ ಸಡಿಲವಿತ್ತೇನೋ, ಒಳಗಿನದು ಇಣುಕಿಬಿಟ್ಟಿತ್ತು. ಮೀನು ಬಾಣಲೆಗೆ ಬೀಳುವ ಹೊತ್ತಿಗೆ ಅವಳಿಗೆ ಇನ್ನೊಂದು ಹೊಳೆಯಿತು. ವಿಳಾಸ ತಪ್ಪಿದ ಕಾಗದವೂ ಕಾಗದವೇ. ಗುರುವಾರ ಹತ್ತೂವರೆಯ ಆ ಸಮಯ ನಿಜ, ಕೇಳುವ ಕಿವಿ ನಿಜ.

ಬುಧವಾರ ಅವಳು, ಈಗ ತನ್ನ ಹೆಸರಲ್ಲೇ ಕೋರಿಕೆ ಇದ್ದುದರಿಂದ, ಸಬೀಹಾ ನದಾಫರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಪಕ್ಕಡ, ಬೆಲ್ಟು, ಫ್ಯೂಸು, ನಾಲ್ಕು ಎಣಿಕೆಯ ಮೌನ. ಮೌಲ್ಯಮಾಪನ ನಡೆಯುತ್ತಿದ್ದುದು ದನಿಯಲ್ಲೇ. ಮುಖ ಕಾಣದಿದ್ದರೆ ಜನ ಹೆಚ್ಚು ಮಾತಾಡುತ್ತಾರೆಂದು ಸಬೀಹಾ ವಿಡಿಯೋ ಪರದೆ ಇಟ್ಟುಕೊಂಡಿರಲಿಲ್ಲ. ಅದಕ್ಕೇ ವಾರಿಜಾ ಕೇಳಿದ್ದು ಇಷ್ಟೆ, ನನ್ನ ಜಾಗದಲ್ಲಿ ಅವರನ್ನು ಕೂರಿಸಲೇ?

“ಮೇಡಂ ಆಗಿ ಮಾತಾಡ್ತೀನಿ ಅಂದ್ರ ಮಾತಾಡ್ಲಿ, ನಾ ಕೇಳ್ತೀನಿ,” ಎಂದರು ಸಬೀಹಾ. “ಆದ್ರ ಅವರ ಒಪ್ಪಿಗಿ ಇಲ್ಲದ ಒಂದು ಗೆರಿನೂ ಬರಿಯೂದಿಲ್ಲ. ಮುಗಿಯೋದ್ರೊಳಗ ನಿಜ ಹೇಳೇ ಹೇಳ್ತೀನಿ. ಸಾಕು ಅಂದ್ರ ಅಲ್ಲಿಗೆ ಸಾಕು. ನಡೀತದೇನು?”

ನಡೆಯದೇ ಏನು? ಆದರೆ ಅವನು ಸಾಕು ಎಂದುಬಿಟ್ಟರೆ? ವಾರಿಜಾ ಅದನ್ನು ಯೋಚಿಸುತ್ತ ವಾರ್ಡಿನ ಉದ್ದವನ್ನು ಎಷ್ಟು ಸಲ ಅಳೆದಳೋ. ಸಂಜೆ ಫಕ್ಕೀರೇಶನ ಮಂಚದ ಬಳಿ ನಿಂತು, ನೀವೇ ತಂದಿಟ್ಟ ಗಂಡಾಂತರ, ನೀವೇ ಬಿಡಿಸಬೇಕು. ನನಗೆ ಆ ಮೇಡಂ ಎದುರು ಬಾಯಿ ಬರುವುದಿಲ್ಲ, ನಾಳೆ ನನ್ನ ಬದಲು ನೀವೇ ಮಾತಾಡಿ ಎಂದಳು. ಅವನ ಕಣ್ಣು ಮಿಂಚಿತು. ಮನಸ್ಸು ಓದುವ ಡಾಕ್ಟರನ್ನೇ ಯಾಮಾರಿಸುವುದೆಂದರೆ ಯಾವ ಕಲಾವಿದ ಬಿಟ್ಟಾನು?

“ಆತು ತಗೋರಿ ಮೇಡಂ ಅವರ. ಕಡೀ ಆಟ, ಜೋರಾಗೇ ಆಡೂಣು.”

ಕಡೀ ಎಂಬ ಶಬ್ದ ಅವಳ ಕಿವಿಯಲ್ಲಿ ಮರುದಿನದ ತನಕ ಕೂತಿತ್ತು.

ಗುರುವಾರ ಮುಂಜಾನೆ ಏಳಕ್ಕೆ ಒಂಬತ್ತನೇ ಮಂಚದ ದೀಪ ಇಪ್ಪತ್ತೊಂದನೆಯ ಸಲ ಹಸಿರಾಯಿತು. ಹತ್ತೂವರೆಗೆ ವಾರಿಜಾ ಅವನ ಗಾಲಿಕುರ್ಚಿಯನ್ನು ಮೂಲೆಯ ಸಣ್ಣ ಕೋಣೆಗೆ ತಳ್ಳಿಕೊಂಡು ಹೋಗಿ ಬಾಗಿಲು ಹಾಕಿದಳು. ಮೇಜಿನ ಮೇಲೆ ಡಬ್ಬಿ, ಒಂದು ತಂಬಿಗೆ ನೀರು. ಅವಳು ಸ್ಟೂಲಿನ ಅಂಚಿಗೆ ಕೂತು ಒಂದು ಕಾಲು ಕುಣಿಸುತ್ತಿದ್ದಳು. ಸಬೀಹಾ ಡಬ್ಬಿಯೊಳಗಿಂದ ನಮಸ್ಕಾರ ಹೇಳಿ, ಕೆಲಸ ಹೇಗಿದೆ ಎಂದು ಕೇಳಿದರು.

ಫಕ್ಕೀರೇಶ ಬೆನ್ನು ನೆಟ್ಟಗೆ ಮಾಡಿಕೊಂಡ, ವಾರಿಜಳತ್ತ ಕಣ್ಣು ಹೊಡೆದ, ಶುರುಮಾಡಿದ. ಹೇಗೆ ಆಡಿದನೆಂದರೆ ವಾರಿಜಳಿಗೆ ತನ್ನ ಬಾಯಿ ಮುಚ್ಚಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕೆನಿಸಿತು. ಹುಬ್ಬಳ್ಳಿಯ ಧೂಳು, ಇಲ್ಲಿ ಸಿಗದ ಕುಚ್ಚಲಕ್ಕಿ, ಗಂಡನ ಗೊರಕೆ. ಗೊರಕೆಯ ಸಂಗತಿ ಅವನಿಗೆ ಹೇಗೆ ಗೊತ್ತಾಯಿತೋ. ಸಬೀಹಾ ನಗುತ್ತಾ ಕೇಳುತ್ತಾ ಹೋದರು, ಅವಸರ ಮಾಡಲಿಲ್ಲ. ಸಂಜೆ ಮನೆಗೆ ಹೋದಾಗ ಏನು ಮಾಡುತ್ತೀರಿ ಎಂದರು. ನಿದ್ದೆ ಎಂದರು. ನಿದ್ದೆ ಬರದಾಗ ಏನು ನೆನಪಾಗುತ್ತದೆ ಎಂದರು.

“ಕೈ ನೆನಪಾಗ್ತದೆ,” ಎಂದ ವಾರಿಜಳ ದನಿಯಲ್ಲಿ. “ಕೈಗೆ ಎಲ್ಲ ಗೊತ್ತುಂಟು. ಯಾವ ತಂತಿ ಎಲ್ಲಿ ಉಂಟು, ಹೇಗೆ ಹಿಡೀಬೇಕು. ಕೈ ಹಾಗೇ ಉಂಟು. ಅದನ್ನ ಎತ್ಕೊಂಡು ಹೋಗ್ಲಿಕ್ಕೆ ಕಾಲಿಲ್ಲ.”

ಸಬೀಹಾ ಸುಮ್ಮನಿದ್ದರು. ಆ ಮೌನವನ್ನು ಅವನು ತುಂಬಬೇಕಾಯಿತು, ತುಂಬಿದ. ಇಲ್ಲಿಂದ ಅವನ ಮಾತಿನಲ್ಲಿ ಮಾರಾಯ್ರೆ ಕಾಣೆಯಾಯಿತು. ಆಮೇಲೆ ‘ಉಂಟು’ ಹೋಗಿ ‘ಇದೆ’ ಬಂತು. ‘ಇದೆ’ಯೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ವಾರಿಜಳ ದನಿ ಒಂದೊಂದೇ ಮೆಟ್ಟಿಲು ಇಳಿದು ಹೋಗಿ, ಅವಳು ಎಂದೂ ಕೇಳಿರದ, ತೆಳ್ಳನೆಯ, ತುಸು ಒರಟಾದ ಇನ್ನೊಂದು ದನಿ ಅಲ್ಲಿ ನಿಂತಿತು. ಅದು ಹಿಂಜರಿಯುತ್ತಿತ್ತು.

“ಮಗಳು ಅಂತಾಳ್ರೀ, ಅಪ್ಪಾ ನೀ ಎಲ್ಲಾರ ದನಿ ತಗಿತಿ, ನಿನ್ನ ದನಿ ತಗಿ ಅಂತ. ತಗಿಯಾಕ ಹೋದ್ರ ಬರವಲ್ದು. ಹೊರಗ ಬಂದ್ರ ಅಳು ಬರತೈತೇನೋ ಅಂತ ಹೆದರಿಕಿ. ಅಕೀ ಮುಂದ ಅಳಬಾರದು. ಅದಕ್ಕಿಂತ... ಅದಕ್ಕಿಂತ ಇರದಿದ್ರನ ಛಲೋ ಅನಸತೈತಿ ಒಂದೊಂದ್ ಸಲ.”

ವಾರಿಜಳ ಕಾಲು ಕುಣಿಯುವುದನ್ನು ನಿಲ್ಲಿಸಿತ್ತು.

ಸಬೀಹಾ ಮೆಲ್ಲಗೆ, ಪಕ್ಕದಲ್ಲೇ ಕೂತವರ ಹಾಗೆ ಮಾತಾಡಿದರು. “ಫಕ್ಕೀರೇಶಣ್ಣಾರ, ನೀವು ಯಾರಂತ ನನಗ ಮೊದಲಿಂದನ ಗೊತ್ತದ. ನಿಮ್ಮ ಮೇಡಂ ನಿನ್ನೆನ ಹೇಳ್ಯಾರ. ಇಷ್ಟೊತ್ತು ನೀವು ಅವರ ಹೆಸರಿನ್ಯಾಗ ಮಾತಾಡಿದ್ರಿ. ಸಾಕು ಅಂದ್ರ ಎಲ್ಲಾ ಇಲ್ಲೇ ಬಿಟ್ಟುಬಿಡೋಣು, ಒಂದಕ್ಷರನೂ ಹೊರಗ ಹೋಗೂದಿಲ್ಲ. ಇಲ್ಲಾ, ಇದೇ ಕೋರಿಕೀನ ನಿಮ್ಮ ಹೆಸರಿಗೆ ಬರಕೊಳ್ಳಲೇನು?”

ಫಕ್ಕೀರೇಶನ ಬಾಯಿ ತೆರೆದಿತ್ತು, ಅದರಲ್ಲಿ ಯಾರ ದನಿಯೂ ಇರಲಿಲ್ಲ. ಇಷ್ಟು ವರ್ಷ ಊರಿಗೆಲ್ಲ ಟೋಪಿ ಹಾಕಿದವನ ತಲೆಗೆ ಯಾರೋ ಸದ್ದಿಲ್ಲದೆ ಟೋಪಿ ಇಟ್ಟುಹೋದ ಹಾಗೆ ಕೂತಿದ್ದ. ವಾರಿಜಳತ್ತ ತಿರುಗಿದ. ಅವಳು ಏಪ್ರನ್ನಿನ ಜೇಬಿನಿಂದ ಪಕ್ಕಡ ತೆಗೆದು ಅವನ ತೊಡೆಯ ಮೇಲಿಟ್ಟಳು.

“ಇದು ನನ್ನ ಕೈಗೆ ಆಗುದಿಲ್ಲ. ನಾನು ಮುಟ್ಟಿದ್ದಕ್ಕೆ ನಿಮ್ಮ ಕೈ ನಡುಗಿದ್ರೆ, ಅದಕ್ಕೂ ವ್ಯಾಯಾಮ ಉಂಟು.”

ಅವನು ಪಕ್ಕಡದ ಹಿಡಿಯನ್ನು ಸವೆದ ಗುರುತಿಗೆ ಸರಿಯಾಗಿ ಹಿಡಿದುಕೊಂಡ. ಬಹಳ ಹೊತ್ತಾಯಿತು. ವಾರಿಜಾ ಎಣಿಸಲು ಹೋಗಿ ಮೂವತ್ತರ ಆಚೆ ಲೆಕ್ಕ ತಪ್ಪಿದಳು.

“ಬರಕೋರಿ,” ಎಂದ ಕೊನೆಗೆ, ಆ ತೆಳ್ಳನೆಯ ದನಿಯಲ್ಲಿ.

ಮೇಜಿನ ಮೇಲೆ ಡಬ್ಬಿಯ ದೀಪ ಮಿನುಗಿತು. ಕಿವಿಯಕ್ಕ ವಾರ್ತೆ ಓದುವ ಗತ್ತಿನಲ್ಲಿ ನಡುವೆ ಬಾಯಿ ಹಾಕಿದಳು. “ಕ್ಷಮಿಸಿ. ಧ್ವನಿ ಗುರುತಾಗಲಿಲ್ಲ. ಮಾತನಾಡುತ್ತಿರುವವರು ಯಾರು?”

“ನಾ... ಫಕ್ಕೀರೇಶ. ಫಕ್ಕೀರೇಶ ಕಲಕೇರಿ.”

“ಕ್ಷಮಿಸಿ. ಫಕ್ಕೀರೇಶ ಕಲಕೇರಿ ಅವರ ಧ್ವನಿ ನನಗೆ ಚೆನ್ನಾಗಿ ಗೊತ್ತು. ಇದು ಅವರದಲ್ಲ. ದಯವಿಟ್ಟು ಅನುಕರಣೆ ಮಾಡಬೇಡಿ.”

ಮೊದಲು ಸಬೀಹಾ, ತಡೆಯಲು ನೋಡಿ ಆಗದೆ, ಡಬ್ಬಿಯೊಳಗೆ ಪುಸಕ್ಕೆಂದರು. ವಾರಿಜಾ ಏಪ್ರನ್ನಿನಿಂದ ಬಾಯಿ ಮುಚ್ಚಿಕೊಂಡಳು, ಅದೂ ಸಾಲದೆ ಗೋಡೆಗೆ ಹಣೆ ಹಚ್ಚಿದಳು. ಸಬೀಹಾ ಹೇಗೋ ತಮ್ಮ ಕಡೆಯಿಂದ ಒಪ್ಪಿಗೆ ಕೊಟ್ಟಿರಬೇಕು, ಡಬ್ಬಿ, “ಇದು ಹೊಸ ಧ್ವನಿ. ನೋಂದಾಯಿಸಲೇ?” ಎಂದು ಕೇಳಿತು. ವಾರಿಜಾ ಕಣ್ಣೊರೆಸಿಕೊಂಡು, ಈ ಸಲ ಎದುರಿಗಿರುವ ಮುಖವನ್ನು ಎರಡು ಸಲ ನೋಡಿ, ‘ಹೌದು’ ಒತ್ತಿದಳು.

“ದಯವಿಟ್ಟು ತಮ್ಮ ಸ್ವಂತ ಧ್ವನಿಯಲ್ಲಿ ಮೂರು ನಿಮಿಷ ಮಾತನಾಡಿ.”

ಆದರೆ ಫಕ್ಕೀರೇಶನಿಗೆ ಮಾತೆಲ್ಲಿ ಬಂದೀತು? ಅವನು ನಗುತ್ತಿದ್ದ. ಪಕ್ಕಡ ಹಿಡಿದ ಕೈಯಿಂದ ಕುರ್ಚಿಯ ತೋಳು ಕುಟ್ಟುತ್ತ, ಕಣ್ಣೀರು ಗಲ್ಲದಿಂದ ಇಳಿದು ಅಂಗಿಗೆ ಸುರಿಯುತ್ತಿರಲು, ನಡುನಡುವೆ ಬಿಕ್ಕುತ್ತ, ಬಿಕ್ಕಿದ್ದಕ್ಕೇ ಮತ್ತೆ ನಗುತ್ತ. ಡಾಕ್ಟರದಲ್ಲ, ಶಾರದವ್ವನದಲ್ಲ, ಮಾಸ್ತರರದಲ್ಲ. ಒಡೆದ ಕೊಡದ ಹಾಗಿನ, ಕೇಳಲು ಏನೇನೂ ಚಂದವಿಲ್ಲದ ನಗು. ಸದ್ದಿಗೆ ಡಾಕ್ಟರ್ ಚನ್ನಕೇಶವರು ಬಾಗಿಲು ತೆರೆದು ಇಣುಕಿ, ಯಾರ ದನಿ ಇದು, ಹೊಸ ಪೇಷಂಟಾ ಎಂದು ಕೇಳಿದರು. ಸಬೀಹಾರ ನಗು ನಿಂತಿತು, ವಾರಿಜಳದೂ ನಿಂತಿತು. ಕೊಟ್ಟ ಮೂರು ನಿಮಿಷ ಮುಗಿದರೂ ಅವನದು ಮಾತ್ರ ನಿಂತಿರಲಿಲ್ಲ.